ಅಪ್‌ಡೇಟ್: ಅಮ್ಮನ ವೀಲ್‌ಚೇರ್‌ಗೆ ಪಾರ್ಕಿಂಗ್ ಜಾಗ ಸಿಕ್ಕಿತು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಪಕ್ಕದ ಅಂಗವಿಕಲರ ಜಾಗದಲ್ಲಿ ಇನ್ನೊಬ್ಬರು ಕಾರು ನಿಲ್ಲಿಸಿ, 'ಬಿಲ್ಡರ್‌ಗೆ ದುಡ್ಡು ಕೊಟ್ಟು ಕೊಂಡಿದ್ದೇನೆ' ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಅದು ಅಮ್ಮನಿಗೇ ಸಿಕ್ಕಿದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಸ್ಟಿಲ್ಟ್ ಪಾರ್ಕಿಂಗನ್ನು (ಕಟ್ಟಡದ ಕೆಳಗೆ ಕಂಬಗಳ ನಡುವಿನ ಜಾಗ) ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂಬ ಸುಪ್ರೀಂ ಕೋರ್ಟಿನ 2010ರ ತೀರ್ಪನ್ನು ಸಂಘದ ಸಭೆಯಲ್ಲಿ ತೋರಿಸಿದೆ. ಮಹಾರಾಷ್ಟ್ರದ ಪ್ರಕರಣವಾದರೂ ಅದಕ್ಕೆ ತೂಕ ಸಿಕ್ಕಿತು. ಜಾಸ್ತಿ ಕೆಲಸ ಮಾಡಿದ್ದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ: ಅಂಗವಿಕಲರ ಪಾರ್ಕಿಂಗಿಗೆ ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲದ ಜಾಗ ಇರಬೇಕು. ಕಾರ್ಯದರ್ಶಿಯವರೇ ಟೇಪ್ ಹಿಡಿದು ಅಳೆದರು.

ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ತೋರಿಸಿದ ಮೇಲೂ ಅಮ್ಮನ ಕಾಯಿಲೆ ಬಗ್ಗೆ ಎಲ್ಲರೆದುರು ಪ್ರಶ್ನೆ ಕೇಳಿದ್ದು ಮಾತ್ರ ತುಂಬಾ ನೋವಾಯಿತು. ಅದು ಬೇಕಿರಲಿಲ್ಲ, ಅಲ್ವಾ? ಆ ನೆರೆಯವರಿಗೆ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದಾರೆ. ಬೋರ್ಡ್ ಹಾಕುವುದು ಇನ್ನೂ ಬಾಕಿ.