ಪುಟ್ಟಿಯ ಬಾತ್‌ರೂಮ್ ಗ್ಲಾಸಿಗೆ ಮಾವನ ಉದ್ದದ ವಾಯ್ಸ್ ಮೆಸೇಜು

ಪುಟ್ಟೀ, ನಿನ್ನ ಪ್ರಶ್ನೆ ಬೆಳಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ವಿಷಯ ಅಲ್ಲ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಗ್ರೂಪಿನ ಉಳಿದವರು ಬೇಕಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ. ಪೆರ್ಲದ ಹೊಸ ಮನೆಯ ಮೇಲಿನ ಬಾತ್‌ರೂಮಿಗೆ ಶವರ್ ಗ್ಲಾಸ್ ಹಾಕಬೇಕು, ಯಾವುದು ಒಳ್ಳೆಯದು ಅಂತ ಕೇಳಿದ್ದೀಯ. ಅಳಿಯಂದಿರಿಗೆ ಬಾಗಿಲಿರುವ ಪೂರ್ತಿ ಕ್ಯುಬಿಕಲ್ ಬೇಕು. ನಿನ್ನ ಅತ್ತೆಯವರಿಗೆ ಗ್ಲಾಸ್ ಅಂದರೇ ಹೆದರಿಕೆ. ನಿನಗೆ ಅದನ್ನು ದಿನಾ ತಿಕ್ಕುವವರು ಯಾರು ಅನ್ನುವ ಚಿಂತೆ. ಭಾವ ಬೇರೆ, ಬಚ್ಚಲಿಗೆ ಗ್ಲಾಸ್ ಯಾಕೆ, ಅದೇನು ಜವಳಿ ಅಂಗಡಿಯಾ ಅಂತ ಕೇಳಿದ್ದಾರೆ.

ಮೊದಲು ಭಾವನಿಗೇ ಹೇಳಿಬಿಡುತ್ತೇನೆ. ಭಾವಾ, ಹಳೆ ಬಚ್ಚಲಿನಲ್ಲಿ ಹಂಡೆ ಇತ್ತು, ಒಲೆ ಉರಿಯುತ್ತಿತ್ತು, ನೆಲ ತಾನಾಗಿ ಒಣಗುತ್ತಿತ್ತು. ಕಮೋಡು ಬೇರೆ ಕಡೆ ಇತ್ತು. ಈಗ ಎಲ್ಲವೂ ಐದು ಅಡಿ ಎಂಟು ಅಡಿ ಜಾಗದೊಳಗೆ. ಒಬ್ಬರು ಮಿಂದು ಬಂದರೆ ಕಮೋಡಿನ ಮೇಲೂ ನೀರು, ಬಾಗಿಲ ಬುಡಕ್ಕೂ ನೀರು. ಜೂನ್ ತಿಂಗಳು ಬಂತು ಅಂದರೆ ಆ ನೀರು ಒಣಗುವ ಮಾತೇ ಇಲ್ಲ. ಕಾಲು ಜಾರುವುದು ಅಲ್ಲಿಯೇ. ಗ್ಲಾಸ್ ಹಾಕುವುದು ಚೆಂದಕ್ಕಿಂತ ಹೆಚ್ಚಾಗಿ ಮುಕ್ಕಾಲು ಭಾಗ ನೆಲ ಒಣಗಿರಲಿ ಅಂತ. ಪ್ಲಾಸ್ಟಿಕ್ ಪರದೆ ಕೂಡ ಅದೇ ಕೆಲಸ ಮಾಡುತ್ತದೆ, ಬಾಡಿಗೆ ಮನೆಗೆ ನಾನು ಅದನ್ನೇ ಹೇಳುವುದು. ಆದರೆ ನಮ್ಮ ಮಳೆಗಾಲದಲ್ಲಿ ಅದರ ಅಂಚಿಗೆ ಕಪ್ಪು ಬೂಸ್ಟು ಹಿಡಿಯುತ್ತದೆ, ಮೀಯುವಾಗ ಮೈಗೆ ಬಂದು ಅಂಟುತ್ತದೆ. ಸ್ವಂತ ಮನೆಗೆ ಬೇಡ.

ಈಗ ಪುಟ್ಟಿ, ನಿನಗೆ. ಉಪ್ಪಳದಲ್ಲಿ ಇಷ್ಟು ವರ್ಷ ಗ್ಲಾಸ್, ಅಲ್ಯುಮಿನಿಯಂ ಕೆಲಸ ಮಾಡಿಸಿದವನಾಗಿ ನನ್ನ ಅಭಿಪ್ರಾಯ ಒಂದೇ. ಬಾಗಿಲು ಬೇಡ. ಒಂದೇ ಒಂದು ನಿಂತ ಗ್ಲಾಸ್ ಸಾಕು. ನಿನ್ನ ಬಾತ್‌ರೂಮಿನ ಅಗಲ ಐದು ಅಡಿ ಅಲ್ವಾ? ಮೂರು ಅಡಿ ಗ್ಲಾಸ್, ಎರಡು ಅಡಿ ಓಡಾಡುವ ದಾರಿ. ಎತ್ತರ ಆರೂವರೆ ಅಡಿ. ಸೀಲಿಂಗಿನವರೆಗೆ ಕೊಂಡುಹೋಗಬೇಡ, ಆವಿ ಹೊರಗೆ ಹೋಗಲಿಕ್ಕೆ ಜಾಗ ಬೇಕು. ಗ್ಲಾಸ್ ಮೂರು ಅಡಿಗಿಂತ ಕಿರಿದಾದರೆ ನೀರು ಹೊರಗೆ ಹಾರುತ್ತದೆ. ಶವರಿನ ಮುಖ ದಾರಿಯ ಕಡೆ ತಿರುಗಿರಬಾರದು, ಗೋಡೆಯ ಕಡೆ ಇರಲಿ. ಪ್ಲಂಬರಿಗೆ ಈಗಲೇ ಹೇಳಿದರೆ ಖರ್ಚಿಲ್ಲದೆ ಆಗುವ ಕೆಲಸ.

ಬಾಗಿಲು ಯಾಕೆ ಬೇಡ ಅಂದರೆ, ಹಾಳಾಗುವ ಸಾಮಾನೆಲ್ಲ ಇರುವುದು ಅಲ್ಲೇ. ಹಿಂಜ್, ರೋಲರ್, ಮ್ಯಾಗ್ನೆಟ್ ಪಟ್ಟಿ, ಕೆಳಗಿನ ರಬ್ಬರು. ಸ್ಲೈಡಿಂಗ್ ಆದರೆ ಕೆಳಗಿನ ಟ್ರ್ಯಾಕಿನಲ್ಲಿ ಕೂದಲು, ಸಾಬೂನು, ಎಣ್ಣೆ ಸೇರಿ ಒಂದು ಥರದ ಬೂದು ಲೋಳೆ ಕಟ್ಟುತ್ತದೆ. ಹಳೆ ಟೂತ್‌ಬ್ರಷ್ ಹಿಡಿದು ಕೂರಬೇಕು ನೀನು. ಅಳಿಯಂದಿರು ಹಟ ಹಿಡಿದರೆ ಹಿಂಜ್ ಬಾಗಿಲು ಹಾಕಿಸಿ, ಆದರೆ ಅದು ಹೊರಗೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ಅವರ ಮೈಯೇ ಅಡ್ಡಗಟ್ಟುತ್ತದೆ.

ಅತ್ತೆಯವರ ಹೆದರಿಕೆ ಬಗ್ಗೆ. ಅವರು ಹೇಳುವುದರಲ್ಲಿ ಅರ್ಧ ಸರಿ ಇದೆ. ಕಿಟಕಿಗೆ ಹಾಕುವ ಸಾದಾ ಗ್ಲಾಸ್ ಒಡೆದರೆ ಕತ್ತಿಯ ಹಾಗೆ ಉದ್ದ ಚೂರಾಗುತ್ತದೆ, ಅದನ್ನು ಬಚ್ಚಲಿಗೆ ಹಾಕಲೇಬಾರದು. ಇಲ್ಲಿಗೆ ಟಫನ್ಡ್ ಗ್ಲಾಸೇ ಬೇಕು. ಅದನ್ನು 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ತಕ್ಷಣ ಗಾಳಿ ಊದಿ ತಣಿಸುತ್ತಾರೆ. ಹಾಗಾಗಿ ಸಾದಾ ಗ್ಲಾಸಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೂ ಸಣ್ಣ ಸಣ್ಣ ಕಾಳಾಗಿ ಉದುರುತ್ತದೆ. ಗಾಯ ಆಗುವುದೇ ಇಲ್ಲ ಅಂತಲ್ಲ, ಆದರೆ ಸಾಮಾನ್ಯವಾಗಿ ಆಳವಾಗಿ ಸೀಳುವುದಿಲ್ಲ. ಇನ್ನೂ ಧೈರ್ಯ ಬೇಕು ಅಂದರೆ ಲ್ಯಾಮಿನೇಟೆಡ್ ಬರುತ್ತದೆ, ಎರಡು ಗ್ಲಾಸಿನ ನಡುವೆ ಒಂದು ಪದರ ಇರುತ್ತದೆ, ಒಡೆದರೂ ಚೂರು ಅದಕ್ಕೇ ಅಂಟಿಕೊಂಡು ನಿಲ್ಲುತ್ತದೆ. ಬೆಲೆ ಜಾಸ್ತಿ. ಅತ್ತೆಯವರಂತೂ ಕೆಳಗಿನ ಬಚ್ಚಲಿನಲ್ಲೇ ಮೀಯುವುದು. ಅಲ್ಲಿ ಗ್ಲಾಸ್ ಬೇಡವೇ ಬೇಡ. ಅಲ್ಲಿ ಗೋಡೆಗೊಂದು ಹಿಡಿಕೆ ಹಾಕಿಸು, ಕೂರಲಿಕ್ಕೆ ಒಂದು ಗಟ್ಟಿ ಸ್ಟೂಲು ಇಡು. ಅವರದ್ದು ಎಣ್ಣೆ ಸ್ನಾನ ಬೇರೆ.

ಗ್ಲಾಸ್ ಬಂದಾಗ ಮೂಲೆಯಲ್ಲಿ ಸಣ್ಣ ಮುದ್ರೆ ಇದೆಯಾ ನೋಡು. ಅಳಿಸಿದರೆ ಹೋಗದ ಹಾಗೆ ಗ್ಲಾಸಿನಲ್ಲೇ ಕೊರೆದಂತೆ ಇರುತ್ತದೆ. ಐಎಸ್ 2553 ಅಂದರೆ ಸುರಕ್ಷತಾ ಗ್ಲಾಸಿನ ನಮ್ಮ ದೇಶದ ಮಾನದಂಡ, ಆ ಗುರುತು ಇರುವುದನ್ನೇ ಕೇಳು. ಸ್ಟಿಕ್ಕರ್ ಮಾತ್ರ ಅಂಟಿಸಿದ್ದರೆ ನಂಬಬೇಡ. ದಪ್ಪ 8 ಎಂಎಂ ಸಾಕು. ಮೂರಕ್ಕೆ ಆರೂವರೆಯ 8 ಎಂಎಂ ಗ್ಲಾಸೇ ಸುಮಾರು 36 ಕಿಲೋ ಬರುತ್ತದೆ, 10 ಎಂಎಂ ಆದರೆ 45 ಕಿಲೋ. ಭಾರ ಜಾಸ್ತಿಯಾದಷ್ಟೂ ಗೋಡೆಯ ಮೇಲೆ ಹೊರೆ.

ಈಗ ಗೋಡೆಯ ವಿಷಯಕ್ಕೆ ಬರುತ್ತೇನೆ, ಇದನ್ನು ಅಳಿಯಂದಿರಿಗೂ ಕೇಳಿಸು. ನಿಮ್ಮದು ಮುರಕಲ್ಲಿನ ಗೋಡೆ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಗ್ಲಾಸ್ ಅಂಗಡಿಯ ಫೋಟೋಗಳೆಲ್ಲ ಕಾಂಕ್ರೀಟ್ ಗೋಡೆಯವು. ಮುರಕಲ್ಲು ಒಂದು ಕಡೆ ಕಬ್ಬಿಣದ ಹಾಗೆ ಇರುತ್ತದೆ, ಅದೇ ಕಲ್ಲಿನಲ್ಲಿ ಎರಡು ಇಂಚು ಆಚೆ ಡ್ರಿಲ್ ಇಟ್ಟರೆ ಬಿಳಿ ಮಣ್ಣಿನ ತೂತು ಸಿಕ್ಕಿ ಬಿಟ್ ಸರ್ ಅಂತ ಒಳಗೆ ಹೋಗುತ್ತದೆ. ಅಂಥ ಕಡೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಮೊದಲ ದಿನ ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಕೆಂಪು ಪುಡಿ ಉದುರಲಿಕ್ಕೆ ಶುರು. ಹಾಗಾಗಿ ಟೈಲ್ಸ್ ಕೂರಿಸುವ ಮೊದಲು, ಗ್ಲಾಸ್ ಗೋಡೆಗೆ ಸೇರುವ ಗೆರೆಯಲ್ಲಿ ಆರು ಇಂಚು ಅಗಲಕ್ಕೆ, ನೆಲದಿಂದ ಏಳಡಿಯವರೆಗೆ ಕಲ್ಲನ್ನು ಸ್ವಲ್ಪ ಕೊರೆದು ಕಾಂಕ್ರೀಟ್ ತುಂಬಿಸಲಿಕ್ಕೆ ಮೇಸ್ತ್ರಿಗೆ ಹೇಳು. ಮೇಲೆ ಗ್ಲಾಸ್ ಅಲುಗದ ಹಾಗೆ ಹಿಡಿಯುವ ಸಪೋರ್ಟ್ ರಾಡ್ ಬರುವ ಜಾಗದಲ್ಲೂ ಹಾಗೆಯೇ. ಟೈಲ್ಸ್ ಆದ ಮೇಲೆ ನೆನಪಾದರೆ ಕೆಮಿಕಲ್ ಆ್ಯಂಕರ್ ಅಂತ ಬರುತ್ತದೆ, ತೂತಿಗೆ ಅಂಟು ತುಂಬಿ ರಾಡ್ ಇಡುವುದು. ಅದೂ ನಡೆಯುತ್ತದೆ. ಆದರೆ ಈಗ ಅವಕಾಶ ಇರುವಾಗ ಯಾಕೆ ಬಿಡಬೇಕು?

ನೆಲದ ಇಳಿಜಾರು ಶವರಿನ ಕೆಳಗೆ ನೀರು ಹೋಗುವ ಜಾಲಿಯ ಕಡೆಗೇ ಇರಬೇಕು. ಟೈಲ್ಸ್ ಆದ ಕೂಡಲೇ ಒಂದು ಕೊಡ ನೀರು ಸುರಿದು ನೋಡು. ಎಲ್ಲಿಯೂ ನಿಲ್ಲಬಾರದು, ದಾರಿಯ ಕಡೆ ಬರಬಾರದು. ಗ್ಲಾಸಿನ ಅಡಿಗೆ ಮಾತ್ರ ಗ್ರಾನೈಟ್ ಪಟ್ಟಿ ಇಡಿಸು. ಓಡಾಡುವ ದಾರಿಯಲ್ಲಿ ಪಟ್ಟಿ ಬೇಡ, ರಾತ್ರಿ ಕಾಲಿಗೆ ಎಡವುತ್ತದೆ.

ಅಳತೆ ಕೊಡುವುದು ಟೈಲ್ಸ್ ಪೂರ್ತಿ ಮುಗಿದ ಮೇಲೆ. ಪ್ಲಾನಿನ ಅಳತೆ ನೋಡಿ ಯಾರಾದರೂ ಗ್ಲಾಸ್ ಆರ್ಡರ್ ಮಾಡುತ್ತೇನೆ ಅಂದರೆ ಒಪ್ಪಬೇಡ. ಟಫನ್ ಮಾಡಿದ ಮೇಲೆ ಅದನ್ನು ಕತ್ತರಿಸಲಿಕ್ಕಾಗಲಿ, ತೂತು ಕೊರೆಯಲಿಕ್ಕಾಗಲಿ ಆಗುವುದಿಲ್ಲ. ಒಂದು ಸೂತ ಹೆಚ್ಚು ಕಡಿಮೆಯಾದರೂ ಹೊಸ ಗ್ಲಾಸೇ. ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆಯಲಿ, ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯಾ ನೋಡಲಿ. ಅಂಚು ಪಾಲಿಶ್ ಆಗಿರಬೇಕು. ಟಫನ್ಡ್ ಗ್ಲಾಸಿನ ನಡುವೆ ನೀನು ಕೈಯಿಂದ ಗುದ್ದಿದರೂ ಏನೂ ಆಗುವುದಿಲ್ಲ, ಅಂಚಿಗೆ ಸ್ಪ್ಯಾನರ್ ತಾಗಿದರೆ ಇಡೀ ಗ್ಲಾಸ್ ಒಮ್ಮೆಗೇ ಪುಡಿ. ಗಾಡಿಯಿಂದ ಇಳಿಸಿದ ಮೇಲೆ ಬರಿ ಟೈಲ್ಸಿನ ಮೇಲೆ ನಿಲ್ಲಿಸಬಾರದು. ರಟ್ಟು ಹಾಸಿ, ಇಲ್ಲ ಗೋಣಿಯನ್ನಾದರೂ ಹಾಸಿ.

ಫಿಟ್ಟಿಂಗ್ಸಿಗೆ 304 ಗ್ರೇಡಿನ ಸ್ಟೀಲ್ ಕೇಳು. ಪೆರ್ಲ ಕಡಲಿನಿಂದ ದೂರ, ಸಾಕು. ಮಂಜೇಶ್ವರದ ಅಕ್ಕ ಕೇಳುತ್ತಿದ್ದರೆ, ನಿಮ್ಮ ಮನೆ ಕಡಲ ಬದಿ, ನಿಮಗೆ 316 ಒಳ್ಳೆಯದು. ಉಪ್ಪುಗಾಳಿಗೆ 304 ಕೂಡ ಕಂದು ಚುಕ್ಕಿ ಬಿಡುತ್ತದೆ. ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ನೋಡಿ ಅಂಟುವುದಿಲ್ಲ, ಒರಿಜಿನಲ್ ಅಂತ ತೋರಿಸುತ್ತಾರೆ. ಅಗ್ಗದ 202 ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ! ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ದಾರಿ. ರೇಟ್ ಕೇಳುವಾಗ ಗ್ಲಾಸಿಗೆ ಚದರಡಿಗೆ ಎಷ್ಟು, ಫಿಟ್ಟಿಂಗ್ಸಿಗೆ ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆ ಕೇಳು. ಸಂದು ಮುಚ್ಚುವ ಸಿಲಿಕಾನ್ ಅಂಟು ನ್ಯೂಟ್ರಲ್ ಜಾತಿಯದ್ದಿರಲಿ. ವಿನಿಗರ್ ವಾಸನೆ ಬರುವುದು ಬೇರೆ ಜಾತಿ, ಅದು ಕಲ್ಲಿಗೆ ಆಗುವುದಿಲ್ಲ. ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ.

ಮರೆ ಬೇಕು ಅಂತ ಫ್ರಾಸ್ಟೆಡ್ ತೆಗೆದುಕೊಂಡರೆ ಒರಟು ಬದಿ ಹೊರಗೆ ಬರಲಿ, ನುಣುಪು ಬದಿ ಶವರಿನ ಕಡೆ. ಈಗ ಗೀರು ಗೀರಿನ ಫ್ಲೂಟೆಡ್ ಗ್ಲಾಸ್ ಎಲ್ಲರಿಗೂ ಬೇಕು. ಅದಕ್ಕೂ ಇದೇ ಲೆಕ್ಕ. ಗೀರಿನೊಳಗೆ ತೆಂಗಿನೆಣ್ಣೆ ಕೂತರೆ ತೆಗೆಯುವುದು ಸುಲಭ ಅಲ್ಲ.

ಇನ್ನು ಕಲೆ. ನೀನು ಗ್ಲಾಸಿನ ಕಲೆ ಬಗ್ಗೆ ಕೇಳಿದ್ದೀಯ, ನಾನು ನೀರಿನ ಬಗ್ಗೆ ಕೇಳುತ್ತೇನೆ. ಹೊಸ ಮನೆಯ ಟ್ಯಾಂಕಿಗೆ ಬೋರ್‌ವೆಲ್ ನೀರಾ? ಒಳಗಿನದು ಕಾಣುವಂಥ ಒಂದು ಬಾಟಲಿಯಲ್ಲಿ ಆ ನೀರು ತುಂಬಿಸಿ ರಾತ್ರಿ ಇಡು. ತೆಗೆಯುವಾಗ ತಿಳಿಯಾಗಿದ್ದ ನೀರು ಬೆಳಗ್ಗೆ ಹಳದಿಯಾಗಿ ಅಡಿಯಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿದ್ದರೆ ಅದರಲ್ಲಿ ಕಬ್ಬಿಣ ಇದೆ. ಗಾಳಿ ತಾಗಿದಾಗ ಬಣ್ಣ ಬರುತ್ತದೆ. ಅದೇ ಗ್ಲಾಸಿನ ಮೇಲೆ ಕಂದು ಗೆರೆ ಎಳೆಯುವುದು. ಕೆಟಲಿನ ಒಳಗೆ ಬಿಳಿ ಹೊಪ್ಪಳೆ ಕಟ್ಟಿದ್ದರೆ ಅದು ಸುಣ್ಣ, ಗಡಸು ನೀರು. ಲ್ಯಾಬಿಗೆ ಕೊಟ್ಟಿದ್ದರೆ ರಿಪೋರ್ಟಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಿದೆಯಾ ನೋಡು. ನಿಮ್ಮ ಹಳೆ ಮನೆಯ ಸುರಂಗದ ನೀರು ಇದೆಯಲ್ಲ, ಗುಡ್ಡದೊಳಗಿಂದ ಪಂಪ್ ಇಲ್ಲದೆ ತಾನಾಗಿ ಹರಿದು ಬರುವುದು. ಅದರಲ್ಲಿ ಸಾಬೂನು ಎಷ್ಟು ಚೆನ್ನಾಗಿ ನೊರೆ ಬರುತ್ತಿತ್ತು! ಅದರ ಒಂದು ಪೈಪ್ ಬಾತ್‌ರೂಮ್ ಟ್ಯಾಂಕಿಗೆ ತರಲಿಕ್ಕೆ ಆದರೆ, ಗ್ಲಾಸ್ ತಿಕ್ಕುವ ಕೆಲಸ ಅರ್ಧಕ್ಕರ್ಧ ಕಡಿಮೆ. ಬೇಸಿಗೆಗೆ ಮಾತ್ರ ಬೋರ್ ಇಟ್ಟುಕೊಳ್ಳಿ.

ದಿನಾ ಮಾಡಬೇಕಾದದ್ದು ಒಂದೇ. ಕೊನೆಗೆ ಮಿಂದವರು ಕೈ ವೈಪರಿನಿಂದ ಮೇಲಿನಿಂದ ಕೆಳಗೆ ನೀರು ಎಳೆದುಬಿಡುವುದು. ಅರ್ಧ ನಿಮಿಷದ ಕೆಲಸ. ವೈಪರ್ ಶವರಿನ ಪಕ್ಕದಲ್ಲೇ ನೇತು ಹಾಕು, ಹೊರಗಿಟ್ಟರೆ ಯಾರೂ ಮುಟ್ಟುವುದಿಲ್ಲ. ಕಲೆ ಅಂದರೆ ಏನು, ಗ್ಲಾಸಿನ ಮೇಲೆ ನೀರು ಒಣಗಿ ಅದರಲ್ಲಿದ್ದದ್ದು ಉಳಿಯುವುದು. ನೀರೇ ಉಳಿಯದಿದ್ದರೆ ಮುಗಿಯಿತು. ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಸ್ಪಂಜು. ಹಸಿರು ಸ್ಕ್ರಬ್ಬರ್, ಸ್ಟೀಲ್ ಜುಂಗು ಬೇಡ, ಸಣ್ಣ ಗೀರು ಬಿದ್ದು ಆಮೇಲೆ ಕೊಳೆ ಅಲ್ಲೇ ಕೂರುತ್ತದೆ.

ಬಿಳಿ ಕಲೆಗೆ ಬಿಳಿ ವಿನಿಗರ್, ಅಷ್ಟೇ ನೀರು ಸೇರಿಸಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ತೊಳೆ. ಮಾರ್ಬಲ್ ಇದ್ದರೆ ಅದಕ್ಕೆ ತಾಗಿಸಬೇಡ. ಕಂದು ಕಲೆಗೆ ಅಜ್ಜಿ ಬಟ್ಟೆಯ ತುಕ್ಕಿಗೆ ಏನು ಉಜ್ಜುತ್ತಿದ್ದರು ನೆನಪಿದೆಯಾ? ಬಿಂಬುಳಿ, ಆ ಹಸಿರು ಹುಳಿ ಕಾಯಿ. ಅದರಲ್ಲಿರುವ ಆಕ್ಸಾಲಿಕ್ ಆ್ಯಸಿಡ್ ತುಕ್ಕನ್ನು ಬಿಡಿಸುತ್ತದೆ. ಮರದ ಬುಡದಲ್ಲಿ ಕೊಳೆಯುವ ಬಿಂಬುಳಿ ನಾಲ್ಕು ಹೆಕ್ಕಿ, ಜಜ್ಜಿ, ಬಟ್ಟೆಯಲ್ಲಿ ಸೋಸಿ ಆ ರಸ ಹಚ್ಚಿ ನೋಡು, ಆಮೇಲೆ ಚೆನ್ನಾಗಿ ತೊಳೆ. ಬ್ಲೀಚಿನಿಂದ ತುಕ್ಕಿನ ಕಲೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಒಂದು ಮಾತ್ರ ಕೆಲಸದವರಿಗೂ ಹೇಳಿಡು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಗ್ಲಾಸಿನ ಹತ್ತಿರ ತರಬಾರದು. ಗ್ಲಾಸಿಗೆ ಏನೂ ಆಗದಿರಬಹುದು, ಸ್ಟೀಲು ಕಪ್ಪಾಗುತ್ತದೆ, ಟೈಲ್ಸಿನ ಸಂದಿನ ಸಿಮೆಂಟು ತಿಂದುಹೋಗುತ್ತದೆ. ಆ್ಯಸಿಡ್ ಆಗಲಿ, ವಿನಿಗರ್ ಆಗಲಿ ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಮಳೆಗಾಲದಲ್ಲಿ ಮಿಂದ ಮೇಲೆ ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಸಿಲಿಕಾನಿನ ಒಳಗೇ ಕಪ್ಪು ಬಂದರೆ ತಿಕ್ಕಿ ಪ್ರಯೋಜನ ಇಲ್ಲ, ಬ್ಲೇಡಿನಿಂದ ತೆಗೆದು ಹೊಸದು ಹಚ್ಚಿಸಬೇಕು. ವರ್ಷಕ್ಕೊಮ್ಮೆ ಸ್ಕ್ರೂ ಬಿಗಿ ಇದೆಯಾ ನೋಡಲಿಕ್ಕೆ ನಾನೇ ಬರುತ್ತೇನೆ, ಊಟಕ್ಕೆ ಹೇಳಿದರೆ.

ಟೈಲ್ಸಿನವರು ಸೋಮವಾರ ಬರುತ್ತಾರೆ ಅಂದೆಯಲ್ಲ, ಆ ಕಾಂಕ್ರೀಟಿನ ಕೆಲಸಕ್ಕೆ ಮೇಸ್ತ್ರಿಗೆ ಇವತ್ತೇ ಫೋನ್ ಮಾಡು. ಈಗ ಗೋಡೆ ಹೇಗಿದೆ ಅಂತ ಒಂದು ಫೋಟೋ ನನಗೆ ಬೇರೆಯಾಗಿ ಕಳಿಸು, ಶವರಿನ ಪೈಪ್ ಎಲ್ಲಿ ಬಂದಿದೆ ಅಂತ ಕಾಣುವ ಹಾಗೆ. ಗೆರೆ ಎಲ್ಲಿ ಬರಬೇಕು ಅಂತ ಅದರ ಮೇಲೆಯೇ ಗೀಚಿ ಕಳಿಸುತ್ತೇನೆ.