ನ್ಯೂರೋಸ್ಪೊರಾ: ಡಿಮ್-5 ಅಳಿಸಿದರೆ ಡಿಎನ್‌ಎ ಮಿಥೈಲೀಕರಣ ಹೋಗುವುದೇಕೆ?

ಪ್ರಶ್ನೆ: ನ್ಯೂರೋಸ್ಪೊರಾ ಕ್ರಾಸಾ ಎಂಬ ಶಿಲೀಂಧ್ರದಲ್ಲಿ ಡಿಎನ್‌ಎಯ ಸೈಟೊಸಿನ್‌ಗೆ (ಸಿ ಅಕ್ಷರಕ್ಕೆ) ಮಿಥೈಲ್ ಗುಂಪು ಸೇರಿಸುವ, ಅಂದರೆ ಮಿಥೈಲೀಕರಣ ಮಾಡುವ ಕಿಣ್ವ ಡಿಮ್-2. ಡಿಮ್-5 ಕೆಲಸ ಮಾಡುವುದು ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ಮೇಲೆ. ಅದನ್ನು ಅಳಿಸಿದರೂ ಮಿಥೈಲೀಕರಣ ಪೂರ್ತಿ ಮಾಯವಾಗುವುದು ಹೇಗೆ? ಸದರ್ನ್ ಬ್ಲಾಟ್‌ನಲ್ಲಿ (ಕತ್ತರಿಸಿದ ಡಿಎನ್‌ಎ ತುಂಡುಗಳನ್ನು ಪೊರೆಯ ಮೇಲೆ ಗುರುತಿಸುವ ವಿಧಾನ) ಇದನ್ನು ಖಚಿತವಾಗಿ ತೋರಿಸುವುದು ಹೇಗೆ?

ಉತ್ತರ 1: ಸಂಕೇತ ಹಿಸ್ಟೋನ್‌ನಿಂದ ಡಿಎನ್‌ಎ ಕಡೆಗೆ ಹೋಗುತ್ತದೆ. ಡಿಮ್-5 ಹಿಸ್ಟೋನ್ ಎಚ್3ರ 9ನೇ ಸ್ಥಾನದ ಅಮೈನೋ ಆಮ್ಲ ಲೈಸಿನ್‌ಗೆ ಮೂರು ಮಿಥೈಲ್ ಗುಂಪು ಹಾಕುತ್ತದೆ, ಆ ಗುರುತಿಗೆ ಎಚ್‌ಪಿ1 ಎಂಬ ಪ್ರೋಟೀನ್ ಅಂಟುತ್ತದೆ, ಎಚ್‌ಪಿ1 ಡಿಮ್-2ನ್ನು ಕರೆತರುತ್ತದೆ. 2001ರಲ್ಲೇ ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿತು: 9ನೇ ಲೈಸಿನ್ ಬದಲಿಸಿದ ಎಚ್3 ಕೊಟ್ಟರೂ ಮಿಥೈಲೀಕರಣ ಕುಸಿಯಿತು. ಇನ್ನೂ ಮುಖ್ಯವಾದದ್ದು, ಡಿಮ್-2 ಇಲ್ಲದ ತಳಿಯಲ್ಲಿ ಹಿಸ್ಟೋನ್ ಗುರುತು ಹಾಗೆಯೇ ಉಳಿಯುತ್ತದೆ. ಹಾಗಾಗಿ ಕ್ರೊಮಾಟಿನ್ ಇಮ್ಯುನೊಪ್ರೆಸಿಪಿಟೇಶನ್‌ಗೆ (ಹಿಸ್ಟೋನ್ ಗುರುತು ಡಿಎನ್‌ಎಯಲ್ಲಿ ಎಲ್ಲಿದೆ ಎಂದು ನೋಡುವ ಪ್ರಯೋಗ) ಡಿಮ್-5 ಇಲ್ಲದ ಮತ್ತು ಡಿಮ್-2 ಇಲ್ಲದ ಎರಡೂ ತಳಿಗಳನ್ನು ಜೊತೆಗಿಡಿ.

ಉತ್ತರ 2: ಬ್ಲಾಟ್‌ಗೆ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ. ಡಿಎನ್‌ಎ ಕತ್ತರಿಸುವ ಕಿಣ್ವಗಳಲ್ಲಿ ಒಂದಕ್ಕೆ ಡಿಪಿಎನ್‌ಐಐ, ಇನ್ನೊಂದಕ್ಕೆ ಸೌ3ಎಐ. ಎರಡೂ ಜಿಎಟಿಸಿ ಎಂಬ ಅಕ್ಷರಸಾಲಿನಲ್ಲೇ ಕತ್ತರಿಸುತ್ತವೆ, ಆದರೆ ಸೈಟೊಸಿನ್ ಮಿಥೈಲೀಕರಣ ಇದ್ದರೆ ಸೌ3ಎಐ ಮಾತ್ರ ನಿಲ್ಲುತ್ತದೆ. ಅಪಾಯವೂ ಇಲ್ಲೇ ಇದೆ: ಡಿಎನ್‌ಎ ಶುದ್ಧವಿಲ್ಲದೆ ಕತ್ತರಿಕೆ ಅರೆಬರೆಯಾದರೂ ಅದೇ ದೊಡ್ಡ ಪಟ್ಟಿಗಳು ಕಾಣುತ್ತವೆ. ಅದೇ ಪೊರೆಯನ್ನು ಮಿಥೈಲೀಕರಣವಿಲ್ಲದ ಜೀನ್‌ನ ಪ್ರೋಬ್‌ನಿಂದ (ಆ ಜೀನ್‌ಗೆ ಅಂಟಿ ಅದನ್ನು ತೋರಿಸುವ ಡಿಎನ್‌ಎ ತುಣುಕು) ಮತ್ತೆ ನೋಡದೆ ತೀರ್ಮಾನಕ್ಕೆ ಬರಬೇಡಿ.

ಉತ್ತರ 3: ಬೈಸಲ್ಫೈಟ್ (ಮಿಥೈಲೀಕರಣಗೊಂಡ ಸೈಟೊಸಿನ್‌ಗಳನ್ನು ಗುರುತಿಸುವ ರಾಸಾಯನಿಕ ವಿಧಾನ) ಮಾಡುವುದಾದರೆ ಸಿಜಿ (ಸಿ ಪಕ್ಕದಲ್ಲಿ ಜಿ) ಜೋಡಿಗಳನ್ನಷ್ಟೇ ಎಣಿಸಬೇಡಿ, ಇಲ್ಲಿ ಯಾವ ಸೈಟೊಸಿನ್ ಬೇಕಾದರೂ ಮಿಥೈಲೀಕರಣಗೊಳ್ಳಬಹುದು. ಡಿಮ್-5 ಇಲ್ಲದ ತಳಿ ನಿಧಾನ ಬೆಳೆಯುತ್ತದೆ, ಡಿಮ್-2 ಇಲ್ಲದ್ದು ಮಾಮೂಲಿನಂತೆ ಬೆಳೆಯುತ್ತದೆ. ಬೆಳವಣಿಗೆಯ ದೋಷವನ್ನು ಡಿಎನ್‌ಎ ಮಿಥೈಲೀಕರಣದ ಲೆಕ್ಕಕ್ಕೆ ಬರೆಯಬೇಡಿ.