ಬೇಡ್ತಿ ನದ್ಯಾಗ ಕಯಾಕ್ ಇಳಸಬಹುದೇನ್ರಿ, ಇಲ್ಲಾ ಕಾಳಿ ನದಿಗೇ ಹೋಗೂದ ಛಲೋ?

ಶಾಲ್ಮಲಾ_ದಂಡಿ (ಧಾರವಾಡ):
ನಮಸ್ಕಾರ್ರಿ ಎಲ್ಲಾರಿಗೂ. ನಾವು ನಾಕ್ ಮಂದಿ ಗೆಳ್ಯಾರು, ಎಲ್ಲಾರಿಗೂ ಈಜು ಬರ್ತೈತಿ, ಕೆರಿಯಾಗ ಕಯಾಕ್ ನಡಿಸಿ ರೂಢಿ ಐತಿ. ನಮ್ಮ ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲಾ ಮುಂದ ಬೇಡ್ತಿ ಕೂಡ್ಕೊಂಡು ಯಲ್ಲಾಪುರದ ಕಾಡು ಹೊಕ್ಕು ಗಂಗಾವಳಿ ಆಗಿ ಸಮುದ್ರ ಸೇರ್ತಾಳಲ್ರಿ, ಹಂಗಾಗಿ ಮಳಿ ಹಿಡದ ಮ್ಯಾಲ ಕಲಘಟಗಿ ದಾಟಿ ಎಲ್ಲ್ಯರ ಇಳದು ರಾತ್ರಿ ದಂಡಿಮ್ಯಾಗ ಟೆಂಟ್ ಹಾಕ್ಕೊಂತ ಹೋಗೂದು ಅಂತ ಭಾಳ ಆಸೆ. ಯಾರರ ಹೋಗೀರೇನು?

ಕಲಘಟಗಿ_ಕಾಡು:
ಕೈ ಮುಗಿತೀನಿ, ಬ್ಯಾಡ್ರಿ. ಅದ ನದಿ ಮುಂದ ಮಾಗೋಡಿನಾಗ ಎರಡು ಹಂತದಾಗ ಸುಮಾರು 200 ಮೀಟರ್ ಕೆಳಗ ಬೀಳ್ತೈತಿ. ಮಳಿಗಾಲದಾಗ ಸೆಳವಿಗೆ ಸಿಕ್ಕ ಮ್ಯಾಲ ದಂಡಿ ಹಿಡೀತೀನಿ ಅಂದ್ರ ಆಗೂದಿಲ್ಲ. ಅದಕ್ಕಿಂತ ಮೊದಲ ಅಡ್ಡ ಬಿದ್ದ ಗಿಡಾ ಇರ್ತಾವ, ನೀರು ಟೊಂಗಿ ಸಂದ್ಯಾಗ ಹಾದು ಹೋಗ್ತೈತಿ, ಮನಷ್ಯಾ ಅಲ್ಲೇ ಒತ್ತಿ ಸಿಕ್ಕೊಂತಾನ, ಎಷ್ಟ ಈಜು ಬಂದ್ರೂ ಉಪಯೋಗಿಲ್ಲ. ಟೆಂಟಿಗೆ ಅರಣ್ಯ ಇಲಾಖೆ ಪರವಾನಗಿನೂ ಬೇಕು.

ಹಳಿಯಾಳ_ರೋಡ್:
ಮ್ಯಾಲಿನವರು ಹೇಳಿದ್ದು ಖರೇ ಅದ. ಮೊದಲ ಕಾಳಿ ದಂಡಿಮ್ಯಾಲಿನ ಗಣೇಶಗುಡಿಗೆ ಹೋಗಿ ರಾಫ್ಟಿಂಗ್ (ರಬ್ಬರ್ ದೋಣಿ ಸವಾರಿ) ಮಾಡ್ರಿ, ಹಳಿಯಾಳ ಮ್ಯಾಲೆ ದಾಂಡೇಲಿ, ಅಲ್ಲಿಂದ ಇನ್ನೂ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಕಾಳಿ ಅಲ್ಲಿ ಸುಪಾ ಡ್ಯಾಮಿನ ಕೈಯಾಗ ಇರ್ತಾಳ, ಡ್ಯಾಮಿನ ಬುಡಕ್ಕ 50 ಮೆಗಾವ್ಯಾಟಿನ ಎರಡು ಮಷೀನ್ ಅವ, ಕರೆಂಟ್ ಮಾಡಾಕ ನೀರು ಬಿಟ್ರ ಸೆಳವು ಬರ್ತದ, ಬಿಡದಿದ್ರ ಕಲ್ಲ ಕಾಣ್ತಾವ. ಅದಕ್ಕ ಹೊರಡೂ ಮುಂಚೆ ನೀರು ಯಾವಾಗ ಬಿಡ್ತಾರ ಅಂತ ಫೋನ್ ಮಾಡಿ ಕೇಳ್ರಿ. ಇನ್ನೊಂದು, ಬುಕ್ ಮಾಡೂ ಮುಂದ ಎಲ್ಲಿಂದ ಎಲ್ಲಿಗೆ ಅಂತ ಬಾಯಿಬಿಟ್ಟ ಕೇಳ್ರಿ. ಶಾರ್ಟ್ ರಾಫ್ಟಿಂಗ್ ಅಂತ ಮಾರೂದು ಸಣ್ಣ ಸುತ್ತು, ಉದ್ದ ಟ್ರಿಪ್ ಒಂಬತ್ತು ಕಿಲೋಮೀಟರಿನ ಮ್ಯಾಲೆ ಬರ್ತದ, ಅದು ಎಲ್ಲಾ ಟೈಮಿಗೆ ನಡಿಯೂದಿಲ್ಲ.

ಲೈಫ್ ಜಾಕೆಟ್ ಬಕಲ್ ಬಿಗದ ಮ್ಯಾಲೆ ಗೆಳ್ಯಾಗ ಭುಜದ ಪಟ್ಟಿ ಹಿಡದು ಮ್ಯಾಲಕ್ಕ ಜಗ್ಗಂತ ಹೇಳ್ರಿ, ಜಾಕೆಟ್ ಗದ್ದಕ್ಕ ಬಂತಂದ್ರ ಸಡ್ಲ ಅದ, ಬ್ಯಾರೇದು ಇಸ್ಕೋರಿ. ನೀರಿಗೆ ಬಿದ್ರ ಅಂಗಾತ ಮಲಕ್ಕೊಂಡು ಕಾಲು ಹರಿವಿನ ಕಡೆ ಮಾಡಿ ಪಾದ ನೀರಿನ ಮ್ಯಾಲ ಇಟ್ಗೋರಿ. ಮೊಣಕಾಲ ಮಟ ನೀರಿದ್ರೂ ಸೆಳವಿನಾಗ ಎದ್ದು ನಿಲ್ಲಬ್ಯಾಡ್ರಿ, ಪಾದ ಕಲ್ಲಿನ ಸಂದ್ಯಾಗ ಹೊಕ್ರ ನೀರು ಹಿಂದಿಂದ ಒತ್ತಿ ಮುಖ ಒಳಗ ಮಾಡ್ತದ, ಜಾಕೆಟ್ ಇದ್ರೂ ಎತ್ತಿಕೊಡೂದಿಲ್ಲ.

ಶಾಲ್ಮಲಾ_ದಂಡಿ:
ಭಾಳ ಉಪಕಾರ ಆತ್ರಿ, ಬೇಡ್ತಿ ಬಿಟ್ವಿ. ಜುಲೈದಾಗ ಕಾಳಿ ನಡೀತೈತೇನ್ರಿ?

ಹಳಿಯಾಳ_ರೋಡ್:
ಮಳಿಗಾಲದಾಗ ಸಾಮಾನ್ಯವಾಗಿ ಬಂದ್ ಇಡ್ತಾರ. ದೀಪಾವಳಿ ಆದ ಮ್ಯಾಲೆ ನೋಡ್ರಿ. ದಾಂಡೇಲಿ ಹತ್ರ ನದ್ಯಾಗ ಮೊಸಳಿ ಅವ, ಸಂಜೀಕ ಸುಮ್ನ ಈಜಾಕ ಇಳೀಬ್ಯಾಡ್ರಿ.